ಅತ್ತಿಗೆ ಪರದೆಗೆ ಬಣ್ಣ ಹಚ್ಚಿದ್ದು

ನನ್ನ ಅತ್ತಿಗೆಗೆ ಬಣ್ಣದ ಹುಚ್ಚು. ನ್ಯಾಯವಾಗಿ ಆ ಹುಚ್ಚು ನನಗಿರಬೇಕಿತ್ತು. ದಾರದುಂಡೆಗಳ ನಡುವೆ ಕೂತು ಬಟ್ಟೆ ಹೊಲಿಯುವವಳು ನಾನು. ಅವಳು ನೀರು ಸರಬರಾಜು ಕಚೇರಿಯ ಕಂಪ್ಯೂಟರ್ ವಿಭಾಗದಲ್ಲಿ ಕೂತು ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರ ಕುಟ್ಟುವವಳು. ಆದರೂ ಬಣ್ಣ ಎಂದರೆ ಜೀವ ಬಿಡುವವಳು ಅವಳೇ. ಅವಳ ಅಡುಗೆಮನೆಯ ಡಬ್ಬಿಗಳಿಗೆ ಒಂದೊಂದು ಬಣ್ಣದ ಮುಚ್ಚಳ, ಬೀಗದ ಕೈಗಳಿಗೆ ಒಂದೊಂದು ಬಣ್ಣದ ನೂಲು. ನನ್ನ ಅಂಗಡಿ ಅವರ ಮನೆಯ ಮುಂದಿನ ಕೋಣೆಯಲ್ಲೇ ಇರುವುದರಿಂದ ಆಗಾಗ ಬಂದು ನನ್ನ ದಾರದ ಪೆಟ್ಟಿಗೆ ತೆರೆದು ಸುಮ್ಮನೆ ನೋಡಿಕೊಂಡು ಹೋಗುತ್ತಾಳೆ. ಏನು ಬೇಕಿತ್ತು ಎಂದರೆ ಏನೂ ಇಲ್ಲ, ನೋಡೋಣ ಅಂತ ಬಂದೆ ಅನ್ನುತ್ತಾಳೆ. ನಾವಿಬ್ಬರೂ ಒಂದೇ ವಾರಿಗೆಯವರು, ಅದಕ್ಕೇ ಈ ಏಕವಚನ. ಗೌರವ ಕಮ್ಮಿಯಾಯಿತೆಂದು ಯಾರೂ ತಿಳಿಯಬಾರದು.

ಇಂಥವಳು ಕೈಹಿಡಿದದ್ದು ನನ್ನ ಅಣ್ಣನನ್ನು. ಅಣ್ಣನಿಗೆ ಕೆಂಪು ಯಾವುದು, ಹಸಿರು ಯಾವುದು ಎಂದು ತಿಳಿಯುವುದಿಲ್ಲ.

ಉಳಿದಂತೆ ಕಣ್ಣಿಗೆ ಏನೂ ಆಗಿಲ್ಲ. ಸೂಜಿಗೆ ದಾರ ಪೋಣಿಸು ಎಂದರೆ ನನಗಿಂತ ಮೊದಲು ಪೋಣಿಸುತ್ತಾನೆ, ಆ ದಾರ ಯಾವ ಬಣ್ಣದ್ದು ಎಂದು ಮಾತ್ರ ಕೇಳಬಾರದು. ಹುಟ್ಟಿನಿಂದ ಬಂದದ್ದು. ಶಾಲೆಯಲ್ಲಿ ಮರಕ್ಕೆ ಕೆಂಪು ಎಲೆ ಬರೆದು ಬೈಸಿಕೊಂಡು ಬಂದ ಮೇಲೆ ಅಮ್ಮನಿಗೆ ಗೊತ್ತಾಯಿತು. ಊರಿಗೆಲ್ಲ ಗೊತ್ತಾದರೆ ನಾಳೆ ಯಾರು ಕೆಲಸ ಕೊಡುತ್ತಾರೆ ಎಂದು ಅಮ್ಮ ಹೆದರಿ ನಮ್ಮಿಬ್ಬರ ಬಾಯಿಗೂ ಬೀಗ ಹಾಕಿದಳು. ಅಲ್ಲಿಂದ ಮುಂದೆ ನಾನೇ ಅವನ ಕಣ್ಣು. ಬಣ್ಣದ ಪೆನ್ಸಿಲ್ ಎತ್ತಿಕೊಳ್ಳುವ ಮೊದಲು ಅವನು ನನ್ನ ಕಡೆ ನೋಡುತ್ತಿದ್ದ. ಕೆಂಪಾದರೆ ಕಿವಿ ಮುಟ್ಟಿಕೊಳ್ಳುತ್ತಿದ್ದೆ, ಹಸಿರಾದರೆ ಮೂಗು. ನೋಡಿದವರು ಈ ಹುಡುಗಿಗೆ ಸದಾ ನೆಗಡಿ ಅಂದುಕೊಂಡಿರಬೇಕು.

ದೊಡ್ಡವನಾದ ಮೇಲೆ ಅವನೇ ಉಪಾಯಗಳನ್ನು ಕಲಿತುಕೊಂಡ. ಅಂಗಿ ಕೊಂಡರೆ ನೀಲಿ ಇಲ್ಲವೇ ಬೂದು. ಟೊಮ್ಯಾಟೊ ಹಣ್ಣಾಗಿದೆಯೇ ಎಂದು ಅದುಮಿ ನೋಡುತ್ತಾನೆ. ರಸ್ತೆಯ ಸಿಗ್ನಲ್ಲಿನಲ್ಲಿ ಮೇಲಿನ ದೀಪ ಉರಿದರೆ ನಿಲ್ಲುತ್ತಾನೆ, ಕೆಳಗಿನದು ಉರಿದರೆ ಹೊರಡುತ್ತಾನೆ. ಅತ್ತಿಗೆ ಕೆಲಸ ಮಾಡುವ ಕಚೇರಿಯಲ್ಲೇ ಕೆಳಗಿನ ಮಹಡಿಯ ನಿಯಂತ್ರಣ ಕೊಠಡಿಯಲ್ಲಿ ಅವನಿಗೆ ಕೆಲಸ. ಊರಿನ ಪಂಪುಗಳೆಲ್ಲ ಸರಿಯಾಗಿ ತಿರುಗುತ್ತಿವೆಯೇ ಎಂದು ನೋಡಿಕೊಳ್ಳಬೇಕು. ಅವನು ಸೇರಿದ ಕಾಲಕ್ಕೆ ಅಲ್ಲಿ ಇದ್ದದ್ದೆಲ್ಲ ಮುಳ್ಳಿನ ಗಡಿಯಾರದಂಥ ಮಾಪಕಗಳು. ಮುಳ್ಳು ಎಲ್ಲಿದೆ ನೋಡಿದರೆ ಸಾಕಿತ್ತು. ಗೋಡೆಗೆ ಕೈಯಿಟ್ಟು ನಿಂತರೆ ಯಾವ ಪಂಪಿನ ಮೈ ಸರಿಯಿಲ್ಲ ಎಂದು ಹೇಳಬಲ್ಲೆ ಅನ್ನುತ್ತಿದ್ದ. ಆ ಕೊಠಡಿಯೆಂದರೆ ಅವನಿಗೆ ಅಷ್ಟು ಅಕ್ಕರೆ.

ಹೆಂಡತಿಗೆ ಏಕೆ ಹೇಳಲಿಲ್ಲ ಎಂದು ಕೇಳುತ್ತೀರಿ. ಅದಕ್ಕೊಂದು ಸ್ವೆಟರಿನ ಕಥೆಯಿದೆ.

ಮದುವೆಗೆ ಮುಂಚೆ, ಇನ್ನೂ ಮಾತುಕತೆಯೇ ಇಲ್ಲದ ದಿನಗಳಲ್ಲಿ, ಒಂದು ಚಳಿಯ ಬೆಳಿಗ್ಗೆ ಅತ್ತಿಗೆ ಕಚೇರಿಯ ಮೆಟ್ಟಿಲಿಳಿಯುತ್ತಿದ್ದಳು. ತಾನೇ ಹೆಣೆದ ಪಾಚಿ ಹಸಿರಿನ ಸ್ವೆಟರ್ ತೊಟ್ಟಿದ್ದಳು. ಅಣ್ಣ ಮೆಟ್ಟಿಲು ಹತ್ತುತ್ತಿದ್ದವನು, ಅವನಿಗೆ ಯಾವ ದೇವರು ಧೈರ್ಯ ಕೊಟ್ಟನೋ, ನಿಂತು, "ಈ ಕೆಂಪು ಸ್ವೆಟರ್ ನಿಮಗೆ ತುಂಬ ಒಪ್ಪುತ್ತೆ" ಅಂದ. ಅತ್ತಿಗೆ ತನ್ನ ಮೈಮೇಲಿನ ಹಸಿರನ್ನು ನೋಡಿಕೊಂಡಳು, ಅವನ ಗಂಭೀರವಾದ ಮುಖ ನೋಡಿದಳು, ಮೆಟ್ಟಿಲ ಪಕ್ಕದ ಕಂಬಿ ಹಿಡಿದುಕೊಂಡು ನಕ್ಕಳು. ಅವನೂ ನಕ್ಕ. ಇಷ್ಟು ಒಣ ಮುಖ ಇಟ್ಟುಕೊಂಡು ಇಷ್ಟು ಚೆನ್ನಾಗಿ ತಮಾಷೆ ಮಾಡುವ ಗಂಡಸು ಸಿಕ್ಕರೆ ಬಿಡಬಾರದು ಎಂದು ಅವಳಿಗೆ ಅವತ್ತೇ ಅನ್ನಿಸಿತಂತೆ. ಮನೆಗೆ ಯಾರೇ ಬರಲಿ, ಈ ಕಥೆ ಹೇಳದೆ ಕಳಿಸುವವಳಲ್ಲ. ಸ್ವೆಟರ್ ಮೊಣಕೈಯಲ್ಲಿ ಸವೆದಿದೆ. ನಾನೇ ತೇಪೆ ಹಾಕಿಕೊಟ್ಟಿದ್ದೇನೆ. ಮನೆಯಲ್ಲಿ ಅದರ ಹೆಸರು ಈಗಲೂ ಕೆಂಪು ಸ್ವೆಟರ್.

ನನ್ನ ಅಣ್ಣ ಹುಟ್ಟಿದಾಗಿನಿಂದ ಒಂದು ತಮಾಷೆ ಮಾಡಿದವನಲ್ಲ. ಅದು ಅವನಿಗೂ ಗೊತ್ತು, ನನಗೂ ಗೊತ್ತು. ಅತ್ತಿಗೆ ಮಾತ್ರ ಆ ತಮಾಷೆಯ ಮೇಲೆ ಇಡೀ ಸಂಸಾರ ಕಟ್ಟಿದ್ದಳು. ಹೇಳುವುದು ಹೇಗೆ? ಒಂದು ವರ್ಷ ಕಳೆಯಿತು, ಎರಡಾಯಿತು, ಆಮೇಲೆ ಹೇಳುವ ಕಾಲವೇ ಮೀರಿತು.

ಇಷ್ಟಾದ ಮೇಲೆ ಅತ್ತಿಗೆಯ ಕಪ್ಪು ಪರದೆಗೆ ಬರೋಣ. ಮುಳ್ಳಿನ ಮಾಪಕಗಳ ಕಾಲ ಮುಗಿದು ಕಂಪ್ಯೂಟರ್ ಬಂದಮೇಲೆ, ಊರಿನ ಪ್ರತಿ ಪಂಪಿನ ಮನೆಯನ್ನೂ ಹೇಗಿದ್ದೀಯಪ್ಪಾ ಎಂದು ಕೇಳಿಕೊಂಡು ಬಂದು ಪರದೆಯ ಮೇಲೆ ಸಾಲು ಸಾಲಾಗಿ ಬರೆಯುವ ಒಂದು ಸ್ಕ್ರಿಪ್ಟನ್ನು ಅವಳು ಬರೆದಿದ್ದಳು. ಸ್ಕ್ರಿಪ್ಟ್ ಎಂದರೆ ಕಂಪ್ಯೂಟರಿಗೆ ಒಂದರ ಕೆಳಗೊಂದು ಬರೆದಿಟ್ಟ ಅಪ್ಪಣೆಗಳು. ದಿಬ್ಬದ ಪಂಪು: ಸರಿ. ಹಳೇ ಕೆರೆ ಪಂಪು: ಸರಿ. ಕೆಟ್ಟಿದ್ದರೆ: ಕೆಟ್ಟಿದೆ. ಎಲ್ಲವೂ ಬಿಳಿ ಅಕ್ಷರ. ಅಣ್ಣ ಅದನ್ನು ಪತ್ರಿಕೆ ಓದಿದ ಹಾಗೆ ಓದುತ್ತಿದ್ದ, ಯಾವ ತೊಂದರೆಯೂ ಇರಲಿಲ್ಲ. ಆದರೆ ಟರ್ಮಿನಲ್ ಎನ್ನುವ ಆ ಕಪ್ಪು ಪರದೆಯಲ್ಲೂ ಬಣ್ಣ ಬರಿಸಬಹುದೆಂದು ಅತ್ತಿಗೆಗೆ ಎಲ್ಲಿಂದಲೋ ತಿಳಿಯಿತು. ಅವತ್ತಿನಿಂದ ಅವಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಸಂಜೆ ನನ್ನ ಕತ್ತರಿಸುವ ಮೇಜಿನ ತುದಿಯಲ್ಲೇ ಲ್ಯಾಪ್‌ಟಾಪ್ ಇಟ್ಟುಕೊಂಡು ನನಗೂ ಪಾಠ ಮಾಡಿದಳು. ಅಕ್ಷರಕ್ಕೆ ಮೊದಲು ಒಂದು ಗುಟ್ಟಿನ ಗುರುತು, ಒಂದು ಚೌಕದ ಆವರಣ, ಒಂದು ಸಂಖ್ಯೆ. ಮೂವತ್ತೊಂದು ಎಂದರೆ ಕೆಂಪು, ಮೂವತ್ತೆರಡು ಎಂದರೆ ಹಸಿರು, ಮೂವತ್ತಮೂರು ಹಳದಿ. ಈ ಗುರುತು ಪರದೆಯಲ್ಲಿ ಕಾಣುವುದಿಲ್ಲ, ಅದರ ನಂತರ ಬರುವ ಅಕ್ಷರಕ್ಕೆ ಬಣ್ಣ ಬರುತ್ತದೆ. ಕೊನೆಯಲ್ಲಿ ಸೊನ್ನೆ ಹಾಕಬೇಕು.

"ಸೊನ್ನೆ ಅಂದ್ರೆ ಬ್ರಷ್ ತೊಳೆಯೋದು ಅಂತ ಇಟ್ಕೋ. ತೊಳೀಲಿಲ್ಲ ಅಂದ್ರೆ ಮುಂದಿನದ್ದಕ್ಕೆಲ್ಲ ಅದೇ ಬಣ್ಣ ಮೆತ್ಕೊಳ್ಳುತ್ತೆ" ಅಂದಳು.

ಹೇಳಿದವಳೇ ಮರುದಿನ ಬ್ರಷ್ ತೊಳೆಯುವುದನ್ನು ಮರೆತಳು. ಕೆಟ್ಟಿದೆ ಎಂಬ ಒಂದು ಸಾಲಿನಿಂದ ಹೊರಟ ಕೆಂಪು ಪರದೆಯ ಉದ್ದಕ್ಕೂ ಹರಿದು, ಕಚೇರಿಯ ಮುಖ್ಯಸ್ಥರಾದ ಸಾಹೇಬರು ರಜೆಯಲ್ಲಿದ್ದಾರೆ ಎಂಬ ಸೂಚನೆಯವರೆಗೂ ಎಲ್ಲವನ್ನೂ ಕೆಂಪಾಗಿಸಿತು. ಸಾಹೇಬರಿಗೆ ಏನಾಯಿತೋ ಎಂದು ಇಬ್ಬರು ಮೇಲಕ್ಕೆ ಓಡಿಬಂದರಂತೆ. ಇನ್ನೊಂದು ದಿನ ಸಾಹೇಬರ ಮೇಜಿಗೆ ಹೋಗುವ ಮುದ್ರಿತ ವರದಿಯ ತುಂಬ ಚೌಕದ ಆವರಣಗಳೂ ಸಂಖ್ಯೆಗಳೂ ಹರಿದಾಡಿದವು. ಕಾಗದಕ್ಕೆ ಆ ಗುಟ್ಟಿನ ಗುರುತು ಅರ್ಥವಾಗುವುದಿಲ್ಲವಲ್ಲ, ಬಂದದ್ದನ್ನು ಬಂದ ಹಾಗೇ ಅಚ್ಚು ಹಾಕಿತು. ಈ ಇರುವೆ ಸಾಲು ಯಾರದು ಎಂದು ಸಾಹೇಬರು ಕೇಳಿದರು. ಮೂಗಿಗಿಂತ ಮೂಗುತಿ ಭಾರವಾಯಿತು ಎಂದು ನಾನು ಛೇಡಿಸಿದೆ. ಅವಳು ಸೋಲುವವಳೇ? ತಾನು ಬರೆಯುತ್ತಿರುವುದು ಪರದೆಗೋ, ಅಚ್ಚಿಗೂ ದಾಖಲೆಗೂ ಹೋಗುವ ಕಡತಕ್ಕೋ ಎಂದು ಮೊದಲು ವಿಚಾರಿಸಿಕೊಳ್ಳುವುದನ್ನು ಸ್ಕ್ರಿಪ್ಟಿಗೆ ಕಲಿಸಿದಳು. ಪರದೆಯಾದರೆ ಬಣ್ಣ, ಕಡತವಾದರೆ ಬರಿಯ ಅಕ್ಷರ. ಕಡತಕ್ಕೆ ಪಾಪ ಕಣ್ಣಿಲ್ಲ, ಅದಕ್ಕೆ ಅಕ್ಷರವೇ ಗತಿ ಎಂದು ಕನಿಕರವನ್ನೂ ತೋರಿಸಿದಳು.

ಇಲ್ಲಿಗೆ ನಿಂತಿದ್ದರೆ ಚೆನ್ನಾಗಿತ್ತು. ಆದರೆ ಹೊಗಳಿಕೆ ಯಾರನ್ನು ಬಿಟ್ಟಿದೆ? ಬಣ್ಣ ನೋಡಿ ಸಾಹೇಬರು ಹಿಗ್ಗಿದರು, ನಿಯಂತ್ರಣ ಕೊಠಡಿಯ ಗೋಡೆಗೆ ದೊಡ್ಡ ಪರದೆಯನ್ನೇ ಹಾಕಿಸಿದರು. ಬಣ್ಣವೇ ಎಲ್ಲ ಹೇಳುವಾಗ ಅಕ್ಷರವೇಕೆ ಎಂದು ಅತ್ತಿಗೆಗೆ ಅನ್ನಿಸಿತು. 'ಸರಿ', 'ಕೆಟ್ಟಿದೆ' ಎಂಬ ಮಾತುಗಳನ್ನು ಪರದೆಯಿಂದ ಕಿತ್ತು ಹಾಕಿ, ಪ್ರತಿ ಪಂಪಿನ ಹೆಸರಿನ ಮುಂದೆ ಒಂದೊಂದು ಬಣ್ಣದ ಚುಕ್ಕೆ ಇಟ್ಟಳು. ಕಣ್ಣಿಗೆ ಚುಚ್ಚಬಾರದೆಂದು ಮಂದವಾದ ಕೆಂಪು, ಅಷ್ಟೇ ಮಂದವಾದ ಹಸಿರು. ಅಕ್ಷರವೂ ಇರಲಿ ಬಿಡು ಎಂದು ಅಣ್ಣ ಊಟಕ್ಕೆ ಕೂತಾಗ ಒಂದು ಸಲ ಮೆಲ್ಲಗೆ ಹೇಳಿದ. ಓದುವುದಕ್ಕೆ ಹೊತ್ತು ಬೇಕು, ಬಣ್ಣಕ್ಕೆ ಬೇಡ ಎಂದು ಅವಳು ಉತ್ಸಾಹದಿಂದ ವಿವರಿಸಿದಳು. ಅವನು ತಲೆ ತಗ್ಗಿಸಿ ಊಟ ಮುಂದುವರಿಸಿದ. ನಾನು ಅವನ ಮುಖ ನೋಡಿದೆ.

ಅವನು ಅಂಗಡಿಗೆ ಬಂದು ನಿಂತಾಗ, ಹೇಳಿಬಿಡೋ ಎಂದು ಗೋಗರೆದೆ. ಹೇಳಿದರೆ ಸಾಹೇಬರ ಕಿವಿಗೆ ಬೀಳುತ್ತದೆ, ನನ್ನನ್ನು ಆ ಕೊಠಡಿಯಿಂದ ಎತ್ತಿ ಸಾಮಾನಿನ ಉಗ್ರಾಣಕ್ಕೆ ಹಾಕುತ್ತಾರೆ ಅಂದ. ಆಮೇಲೆ, ಅವಳಿಗೆ ಸ್ವೆಟರಿನ ವಿಷಯವೂ ಗೊತ್ತಾಗುತ್ತೆ ಅಂದ. ಉಗ್ರಾಣಕ್ಕಿಂತ ಅವನಿಗೆ ಹೆಚ್ಚು ಹೆದರಿಕೆ ಯಾವುದರದ್ದು ಎಂದು ನಾನು ಕೇಳಲಿಲ್ಲ.

ಕೆಲವು ದಿನ ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದಂತೆ ನಡೆಯಿತು. ಜೊತೆಗೆ ಕೂರುವ ಆಪರೇಟರಿಗೆ ಹಲ್ಲು ಕೊಂಚ ಉಬ್ಬು, ಅದಕ್ಕೆ ಎಲ್ಲರೂ ಅವನನ್ನು ಹಲ್ಲಣ್ಣ ಅನ್ನುತ್ತಾರೆ. ಗೋಡೆ ನೋಡಿ, ಏನಪ್ಪಾ ಎಲ್ಲ ಸರಿಯಿದೆಯಾ ಎಂದು ಅಣ್ಣ ಕೇಳುತ್ತಿದ್ದ, ಹಲ್ಲಣ್ಣ ಇದೆ ಅನ್ನುತ್ತಿದ್ದ, ಕೆಲಸ ಸಾಗುತ್ತಿತ್ತು. ಒಂದು ಬೆಳಿಗ್ಗೆ ಅದೇ ಹಲ್ಲು ನೋವೆಂದು ಹಲ್ಲಣ್ಣ ರಜೆ ಹಾಕಿದ. ಅವತ್ತೇ ದಿಬ್ಬದ ಪಂಪಿಗೆ ನೀರು ಬರುವುದು ನಿಂತಿತು. ಗೋಡೆಯ ಮೇಲೆ ಅದರ ಚುಕ್ಕೆ ಹಸಿರಿನಿಂದ ಕೆಂಪಾಯಿತು. ಅಣ್ಣ ಅದರ ಎದುರಿಗೇ, ಕಣ್ಣು ಬಿಟ್ಟುಕೊಂಡು, ಕೂತಿದ್ದ. ಪಂಪು ಒಣಗಿ ತಿರುಗಿ, ಕಾದು, ಸುಟ್ಟ ವಾಸನೆ ಬಂದು, ಅಲ್ಲಿನ ಕಾವಲುಗಾರ ಫೋನು ಮಾಡುವವರೆಗೂ ಅವನಿಗೆ ತಿಳಿಯಲಿಲ್ಲ.

ದಿಬ್ಬದ ಮೇಲಿನ ಬೀದಿಗಳಿಗೆಲ್ಲ ಮಧ್ಯಾಹ್ನದವರೆಗೆ ನೀರಿಲ್ಲ. ನನ್ನ ಮನೆ ಆ ಬೀದಿಯಲ್ಲೇ ಇದೆ. ತಲೆತುಂಬ ಸೋಪು ಹಚ್ಚಿಕೊಂಡು ನಿಂತವಳಿಗೆ ನಲ್ಲಿ ಕೈಕೊಟ್ಟಿತು. ಟವೆಲ್ ಸುತ್ತಿಕೊಂಡು ಅಣ್ಣನಿಗೆ ಫೋನು ಮಾಡಿ ಬಾಯಿಗೆ ಬಂದದ್ದನ್ನೆಲ್ಲ ಅಂದೆ. "ಚುಕ್ಕೆ ನನ್ನ ಎದುರಿಗೇ ಇತ್ತು ಕಣೆ" ಅಂದ ಅವನು. ಆಗ ನನಗೆ ಹೊಳೆಯಿತು. ಮಾತು ನಿಲ್ಲಿಸಿದೆ, ಸೋಪು ಕಣ್ಣಿಗಿಳಿದು ಉರಿಯುತ್ತಿತ್ತು.

ಸಾಹೇಬರು ಕೇಳಿದಾಗ ಅಣ್ಣ ನಿದ್ದೆ ಬಂದಿತ್ತು ಅಂದುಬಿಟ್ಟ. ಕುರುಡ ಅನ್ನಿಸಿಕೊಳ್ಳುವುದಕ್ಕಿಂತ ಸೋಮಾರಿ ಅನ್ನಿಸಿಕೊಳ್ಳುವುದೇ ವಾಸಿ ಎಂದು ಅವನ ಲೆಕ್ಕ. ಸಾಹೇಬರು ಕೆಟ್ಟವರಲ್ಲ, ಹಾಗೆಂದು ಬಿಡುವವರೂ ಅಲ್ಲ. ಆ ಹೊತ್ತಿಗೆ ಪರದೆ ಕೆಂಪು ತೋರಿಸಿತ್ತೇ ಇಲ್ಲವೇ ಎಂದು ಅತ್ತಿಗೆ ಬರೆದು ಕೊಡಬೇಕು; ತೋರಿಸಿದ್ದರೆ ತಪ್ಪು ಆಪರೇಟರದು, ಅವನಿಗೆ ಉಗ್ರಾಣ ಎಂದರು. ಗಂಡನ ತಪ್ಪನ್ನು ಹೆಂಡತಿಯ ಕೈಯಲ್ಲೇ ಬರೆಸುವುದು ಸರಿಯಲ್ಲ ಎಂದು ಯಾರೋ ಹೇಳಿದರಂತೆ. ಆ ಸ್ಕ್ರಿಪ್ಟ್ ಬಲ್ಲವರು ಬೇರೆ ಯಾರಿದ್ದಾರೆ ಎಂದರು ಸಾಹೇಬರು.

ಅತ್ತಿಗೆ ಗಂಡ ನಿದ್ದೆ ಮಾಡಿದ್ದನ್ನು ನಂಬಲೇ ಇಲ್ಲ. ಬಸ್ಸಿನಲ್ಲಿ ಕೂತರೂ ತೂಕಡಿಸದ ಮನುಷ್ಯ ಪಂಪಿನ ಮುಂದೆ ಮಲಗುತ್ತಾನೆಯೇ? ತಪ್ಪು ತನ್ನ ಸ್ಕ್ರಿಪ್ಟಿನಲ್ಲೇ ಇದೆ, ಚುಕ್ಕೆ ಕೆಂಪಾಗಿಯೇ ಇರಲಿಕ್ಕಿಲ್ಲ ಎಂದು ಹಟ ಹಿಡಿದು ಹುಡುಕಿದಳು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು. ಸ್ಕ್ರಿಪ್ಟ್ ಸರಿಯಾಗಿತ್ತು. ಕಡತದಲ್ಲಿ ಸ್ಪಷ್ಟವಾದ ಅಕ್ಷರದಲ್ಲಿ ಬರೆದಿತ್ತು: ದಿಬ್ಬದ ಪಂಪು ಕೆಟ್ಟಿದೆ. ತನ್ನ ಕೆಲಸ ಇಷ್ಟು ಚೆನ್ನಾಗಿದೆ ಎಂದು ತಿಳಿದು ಅಷ್ಟು ಸಂಕಟಪಟ್ಟವಳನ್ನು ನಾನು ಬೇರೆ ಕಂಡಿಲ್ಲ. ಸುಳ್ಳು ಬರೆಯುವವಳಲ್ಲ ಅವಳು; ನಿಜ ಬರೆದರೆ ಗಂಡ ಉಗ್ರಾಣಕ್ಕೆ. ನಾನಂತೂ ಅಡಕತ್ತರಿಯಲ್ಲಿ ಸಿಕ್ಕ ಅಡಕೆ. ಅತ್ತ ಅಣ್ಣನಿಗೆ ಕೊಟ್ಟ ಮಾತು, ಇತ್ತ ಕಣ್ಣೆದುರಿಗೆ ಕರಗುತ್ತಿರುವ ಅತ್ತಿಗೆ.

ವರದಿ ಕೊಡುವ ಹಿಂದಿನ ಸಂಜೆ ನನ್ನ ಮೇಜಿನ ತುದಿಯಲ್ಲಿ ಲ್ಯಾಪ್‌ಟಾಪ್ ತೆರೆದು ಅಣ್ಣನನ್ನು ಕರೆದಳು. ಅವಳ ತಲೆಯಲ್ಲಿ ಇನ್ನೊಂದು ಅನುಮಾನ ಹುಟ್ಟಿತ್ತು. ಗೋಡೆಯ ಪರದೆಯಲ್ಲಿ ಕೆಂಪು ತೀರಾ ಮಂದವಾಗಿ ಕಾಣುತ್ತಿರಬಹುದು, ನೀವೇ ನೋಡಿ ಹೇಳಿ ಅಂದಳು. ಸ್ಕ್ರಿಪ್ಟ್ ಓಡಿಸಿದಳು. ಕಪ್ಪು ಪರದೆಯಲ್ಲಿ ಪಂಪುಗಳ ಹೆಸರು, ಮುಂದೆ ಅದೇ ಮಂದ ಬಣ್ಣದ ಚುಕ್ಕೆಗಳು; ಒಂದು ಇನ್ನೊಂದರಂತೆ ಕಾಣುತ್ತದೆಯೇ ಎಂದು ನೋಡಲು ಕೆಂಪು ಹಸಿರು ಎರಡನ್ನೂ ಬೆರೆಸಿಟ್ಟಿದ್ದಳು. ನಾನು ಅವರ ಬೆನ್ನ ಹಿಂದೆ ಗುಂಡುಸೂಜಿ ಕಚ್ಚಿಕೊಂಡು ಯಾರದೋ ಕೋಟಿನ ಅಂಚು ಹಿಡಿಯುತ್ತಿದ್ದೆ.

ಕೊನೆಯ ಚುಕ್ಕೆಗೆ ಬೆರಳಿಟ್ಟು, "ಇದು ಕೆಂಪಾಗಿ ಕಾಣ್ತಿದ್ಯಾ?" ಎಂದು ಕೇಳಿದಳು.

ಅಣ್ಣ ಪರದೆ ನೋಡಿದ. ಮತ್ತೆ, ಎಂದಿನ ಹಾಗೆ, ತಿರುಗಿ ನನ್ನ ಕಡೆ ನೋಡಿದ. ಆ ಚುಕ್ಕೆ ಹಸಿರಾಗಿತ್ತು. ನಾನು ಯೋಚಿಸಲಿಲ್ಲ. ಕೈ ತಾನಾಗಿ ಮೇಲೆದ್ದು ಮೂಗು ಮುಟ್ಟಿತು.

"ಇಲ್ಲ, ಹಸಿರು" ಅಂದ ಅಣ್ಣ.

ಅತ್ತಿಗೆ ಅಲುಗಾಡಲಿಲ್ಲ. ಪರದೆಯನ್ನೇ ನೋಡುತ್ತ ಕೂತಿದ್ದಳು. ಕಪ್ಪು ಪರದೆ ಕನ್ನಡಿಯಂತೆ ಎಂಬುದು ನಮ್ಮಿಬ್ಬರಿಗೂ ಹೊಳೆದಿರಲಿಲ್ಲ. ಚುಕ್ಕೆಗಳ ನಡುವೆ, ಅವಳ ಭುಜದ ಮೇಲುಗಡೆ, ಮೂಗು ಹಿಡಿದುಕೊಂಡ ನನ್ನ ಮುಖ ಅದರಲ್ಲಿ ಕಾಣುತ್ತಿತ್ತು.

ಅವಳು ಬೇರೊಂದು ಚುಕ್ಕೆಗೆ ಬೆರಳಿಟ್ಟಳು. ಈ ಸಲ ನಾನು ಎರಡೂ ಕೈಯನ್ನು ಕೋಟಿನೊಳಗೆ ಹುದುಗಿಸಿಕೊಂಡೆ. ಅಣ್ಣ ನನ್ನತ್ತ ನೋಡಿದ, ಪರದೆ ನೋಡಿದ, ಮತ್ತೆ ನನ್ನತ್ತ ನೋಡಿದ. ಕೊನೆಗೆ, "ನಂಗೆ ಗೊತ್ತಾಗಲ್ಲ ಕಣೆ" ಅಂದ. "ಯಾವತ್ತೂ ಗೊತ್ತಾಗಿಲ್ಲ."

ಆಮೇಲೆ ಎಲ್ಲ ಹೊರಬಂತು. ಮರದ ಕೆಂಪು ಎಲೆ, ಅಮ್ಮನ ಬೀಗ, ಕಿವಿ ಮೂಗು, ಹಲ್ಲಣ್ಣ. ಸ್ವೆಟರಿನ ಹೆಸರನ್ನು ಅವನು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಅತ್ತಿಗೆ ಎಲ್ಲವನ್ನೂ ಕೇಳಿಸಿಕೊಂಡಳು. ಬೈಯುತ್ತಾಳೆ, ಅಳುತ್ತಾಳೆ ಎಂದು ಕಾದೆ. ಅವಳು ಪರದೆಯತ್ತ ಕೈ ತೋರಿಸಿ, "ಕಣ್ಣಿಲ್ಲದ ಕಡತಕ್ಕೆ ಅಕ್ಷರ ಕೊಟ್ಟೆ. ಪಕ್ಕದಲ್ಲಿ ಮಲಗೋ ಗಂಡನಿಗೆ ಕೊಡ್ಲಿಲ್ಲ" ಅಂದಳು. ಲ್ಯಾಪ್‌ಟಾಪ್ ಮುಚ್ಚಿ ಒಳಗೆ ಹೋದಳು.

ಮರುದಿನ ವರದಿ ಕೊಟ್ಟಳು. ಪರದೆ ಕೆಂಪು ತೋರಿಸಿದ್ದು ನಿಜ. ಬರಿಯ ಬಣ್ಣದಲ್ಲಿ ಮಾತಾಡುವ ಪರದೆ ಎಲ್ಲರಿಗೂ ಮಾತಾಡುವುದಿಲ್ಲ, ಅಕ್ಷರ ಕಿತ್ತದ್ದು ನನ್ನ ತಪ್ಪು ಎಂದು ಬರೆದಿದ್ದಳು. ಗಂಡನ ಕಣ್ಣಿನ ವಿಷಯ ಬರೆದಿರಲಿಲ್ಲ. ನನ್ನ ತಪ್ಪು ನಾನು ಬರೆದಿದ್ದೇನೆ, ನಿಮ್ಮದು ನೀವು ಹೇಳಿ ಎಂದು ಅವನಿಗೆ ಬೆಳಿಗ್ಗೆಯೇ ಹೇಳಿದ್ದಳಂತೆ. ಅಣ್ಣ ಸಾಹೇಬರ ಮುಂದೆ ನಿಂತು ನಿದ್ದೆ ಬಂದಿರಲಿಲ್ಲ ಎಂದು ಶುರುಮಾಡಿ ಎಲ್ಲ ಹೇಳಿದ. ಸಾಹೇಬರು, ಹಿಂದಿನ ಬಿಳಿ ಅಕ್ಷರದ ಕಾಲದಲ್ಲಿ ಇವನಿಂದ ಒಂದಾದರೂ ತಪ್ಪಾಗಿತ್ತೇ ಎಂದು ಹಲ್ಲಣ್ಣನನ್ನು ಕರೆದು ಕೇಳಿದರು. ಆಗಿರಲಿಲ್ಲ. ಅಕ್ಷರ ಮತ್ತೆ ಬರಲಿ, ಇವನು ಇಲ್ಲೇ ಇರಲಿ ಎಂದರು. ಸುಳ್ಳು ಹೇಳಿದ್ದಕ್ಕೆ ಚೆನ್ನಾಗಿ ಬೈದೂ ಬೈದರು. ಬೈಗುಳ ತಿಂದು ಬಂದವನ ಮುಖ ಹಬ್ಬದೂಟ ಮಾಡಿದವನ ಹಾಗಿತ್ತು.

ಅತ್ತಿಗೆ ಪರದೆಯನ್ನು ತಿದ್ದಿದಳು. ಬಣ್ಣ ತೆಗೆಯಲಿಲ್ಲ, ಅಷ್ಟು ದೊಡ್ಡ ತ್ಯಾಗ ಅವಳಿಂದಾಗದು. ಹಸಿರಿನ ಜಾಗಕ್ಕೆ ನೀಲಿ ತಂದಳು, ನೀಲಿ ಅಣ್ಣನಿಗೆ ಕಾಣುತ್ತದೆ. ಪ್ರತಿ ಚುಕ್ಕೆಯ ಪಕ್ಕ ಮಾತನ್ನು ಮತ್ತೆ ಕೂರಿಸಿದಳು. ಕೆಟ್ಟ ಪಂಪಿನ ಸಾಲು ಪೂರ್ತಿ ತಿರುವುಮುರುವಾಗಿ, ಬೆಳಕಿನ ಪಟ್ಟಿಯ ಮೇಲೆ ಕಪ್ಪು ಅಕ್ಷರವಾಗಿ ಏಳುತ್ತದೆ. ಗೋಡೆಯ ಆ ತುದಿಯಿಂದಲೂ ತಪ್ಪಿಸಿಕೊಳ್ಳಲಾಗದು. ಹೀಗೇ ಓದುವುದು ಸುಲಭ ಎಂದು ಹಲ್ಲಣ್ಣನೂ ಒಪ್ಪಿದ.

ಎಲ್ಲ ಸರಿಹೋಯಿತು ಅಂದುಕೊಂಡೆ. ಆದರೆ ಮನೆಯಲ್ಲಿ ಅತ್ತಿಗೆಗೆ ಮಾತಿಲ್ಲ. ಇಷ್ಟು ವರ್ಷ ಮುಚ್ಚಿಟ್ಟದ್ದಕ್ಕೆ ಕೋಪ, ಇಳಿಯುತ್ತದೆ ಎಂದು ಅಣ್ಣನಿಗೆ ಸಮಾಧಾನ ಹೇಳಿದೆ. ಅದು ಕೋಪವಲ್ಲ ಎಂದು ಎರಡು ದಿನದ ಮೇಲೆ ತಿಳಿಯಿತು. ಸಂಜೆ ಅಣ್ಣ ನನ್ನ ಅಂಗಡಿಯಲ್ಲಿ ಕೂತು ಕಾಫಿ ಕುಡಿಯುತ್ತಿದ್ದ. ಅತ್ತಿಗೆ ಸ್ವೆಟರ್ ತಂದು ಅವನ ತೊಡೆಯ ಮೇಲಿಟ್ಟಳು.

"ಅವತ್ತು ಮೆಟ್ಟಿಲ ಮೇಲೆ ನೀವು ತಮಾಷೆ ಮಾಡಿದ್ದಲ್ಲ, ಅಲ್ವಾ?"

"ಅಲ್ಲ."

"ಮತ್ತೆ ನಾನು ನಕ್ಕಾಗ ನೀವ್ಯಾಕೆ ನಕ್ಕಿದ್ದು?"

ಅಣ್ಣ ಲೋಟ ಕೆಳಗಿಟ್ಟ. ಸ್ವೆಟರಿನ ತೇಪೆಯ ಮೇಲೆ ಕೈಯಾಡಿಸಿದ. "ಏನೋ ತಪ್ಪು ಹೇಳಿದೀನಿ ಅಂತ ಆಗ್ಲೇ ಗೊತ್ತಾಗಿತ್ತು. ಆದ್ರೆ ನೀನು ನಗೋದು ನೋಡಿ, ಅದು ನಿಲ್ಲೋದು ಬೇಡ ಅನ್ನಿಸ್ತು."

ನಾನು ಹೊಲಿಗೆ ಯಂತ್ರದ ಮೇಲೆ ಬಗ್ಗಿದೆ, ಹೊಲಿಯುವುದಕ್ಕೆ ಬಟ್ಟೆಯೇ ಇರಲಿಲ್ಲ. ಅತ್ತಿಗೆ ಅವನ ಪಕ್ಕದ ಸ್ಟೂಲಿನ ಮೇಲೆ ಕೂತಳು. ಅವನ ಲೋಟದಲ್ಲಿ ಉಳಿದಿದ್ದ ಕಾಫಿ ಕುಡಿದಳು. ಲೋಟ ಕೆಳಗಿಟ್ಟು ಎದ್ದು ಸ್ವೆಟರನ್ನು ನನ್ನ ಮೇಜಿಗೆ ತಂದು, ಕೊರಳ ಪಟ್ಟಿಯ ಒಳಗೆ ಇದರ ಬಣ್ಣದ ಹೆಸರು ಹೊಲಿದುಕೊಡು, ಇನ್ನು ಈ ಮನೆಯಲ್ಲಿ ಬಣ್ಣವಿದ್ದ ಕಡೆಯೆಲ್ಲ ಅಕ್ಷರವೂ ಇರಬೇಕು ಅಂದಳು. ನಾನು ಸೀಮೆಸುಣ್ಣ ತೆಗೆದುಕೊಂಡು ಒಂದು ಬಟ್ಟೆ ಪಟ್ಟಿಯ ಮೇಲೆ ಹಸಿರು ಎಂದು ಬರೆದುಕೊಳ್ಳತೊಡಗಿದೆ. ಅವಳು ನನ್ನ ಕೈ ಹಿಡಿದಳು.

"ಕೆಂಪು ಅಂತ ಬರಿ" ಅಂದಳು.

ದಾರದ ಪೆಟ್ಟಿಗೆ ತೆರೆದು, ಯಾವ ಬಣ್ಣದಲ್ಲಿ ಹೊಲಿಯಲಿ ಎಂದು ಕೇಳಿದೆ. ಇಬ್ಬರೂ ಒಟ್ಟಿಗೆ ನಕ್ಕರು. ನಾನು ಪಾಚಿ ಹಸಿರಿನ ಉಂಡೆ ತೆಗೆದು ಅಣ್ಣನ ಕೈಗೆ ಕೊಟ್ಟೆ, ಅವನೇ ಸೂಜಿಗೆ ಪೋಣಿಸಿಕೊಟ್ಟ.